ಪ್ರತಿ: ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಗರ್ಭಿಣಿಗೆ ಪರೀಕ್ಷೆ ಬೇಕೇ?

ತಾಯಿಗೆ ಸಕ್ಕರೆ ಕಾಯಿಲೆಯಿದೆ, ನಿಮಗೆ 29 ವರ್ಷ, ತೂಕ ಹೆಚ್ಚಿಲ್ಲ, ಈಗ ನಾಲ್ಕನೇ ತಿಂಗಳು. ಹೀಗಿರುವಾಗ ಪರೀಕ್ಷೆ ಅಗತ್ಯವೇ ಎಂದು ಕೇಳಿದ್ದೀರಿ. ಖಂಡಿತ ಅಗತ್ಯ. ಹೆತ್ತವರಿಗೋ ಒಡಹುಟ್ಟಿದವರಿಗೋ ಮಧುಮೇಹವಿರುವುದು, ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದಾಗುವ ಅಂಡಾಶಯದ ತೊಂದರೆ), ಅಧಿಕ ತೂಕ, ಹಿಂದಿನ ಬಸಿರಿನಲ್ಲಿ ಸಕ್ಕರೆ ಏರಿದ್ದು ಅಥವಾ ನಾಲ್ಕು ಕಿಲೋಗಿಂತ ಭಾರದ ಮಗು ಹುಟ್ಟಿದ್ದು, ಇವೆಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ; ದಕ್ಷಿಣ ಏಷ್ಯಾದವರಾಗಿರುವುದೇ ಒಂದು ಕಾರಣವಾದ್ದರಿಂದ, ತೆಳ್ಳಗಿದ್ದೇನೆಂಬ ಧೈರ್ಯ ನಮ್ಮವರಿಗೆ ಸಾಲದು.

ಮಾಸಿನಿಂದ ಒಸರುವ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಪಡಿಸುತ್ತವೆ ಮತ್ತು ತಿಂಗಳು ಕಳೆದಂತೆ ಆ ಅಡ್ಡಿ ಬಲಿಯುತ್ತದೆ. ಆದ್ದರಿಂದಲೇ ಮೊದಲ ತಪಾಸಣೆಯಲ್ಲಿ ಎಲ್ಲವೂ ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ನೋಡಬೇಕು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿದು, ಎರಡು ಗಂಟೆಯ ನಂತರ ರಕ್ತ ಕೊಡುವುದು. ಫಲಿತಾಂಶ ಡೆಸಿಲೀಟರ್ ರಕ್ತಕ್ಕೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಿಣಿಯ ಮಧುಮೇಹವೆಂದು ಪರಿಗಣಿಸುತ್ತಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಇದಕ್ಕೆ ಖಾಲಿ ಹೊಟ್ಟೆ ಕಡ್ಡಾಯವಲ್ಲ.

ಜಯನಗರದ ಒಂದು ಲ್ಯಾಬಿನಲ್ಲಿ ನನ್ನ ತಂಗಿ ಆ ಸಿಹಿನೀರನ್ನು ಒಂದೇ ಉಸಿರಿಗೆ ಕುಡಿದು, ಹತ್ತು ನಿಮಿಷದಲ್ಲಿ ವಾಂತಿ ಮಾಡಿಕೊಂಡು, ಮರುದಿನ ಮತ್ತೆ ಹೋಗಬೇಕಾಯಿತು. ನೀವು ಐದು ನಿಮಿಷ ತೆಗೆದುಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ಮೊದಲ ಪರೀಕ್ಷೆ ಇನ್ನೂ ಆಗಿರದಿದ್ದರೆ, ದಯವಿಟ್ಟು ಈ ವಾರವೇ ವೈದ್ಯರಲ್ಲಿ ಕೇಳಿ, ತಾಯಿಯವರ ವಿಷಯವನ್ನೂ ತಪ್ಪದೆ ತಿಳಿಸಿರಿ.