ವೈಫೈ ಕೇಳುವ ಪಾಸ್‌ವರ್ಡ್‌ಗೆ ಕಂಪ್ಯೂಟರೇ ಉತ್ತರ ಕೊಡಲಿ

ಪ್ರಶ್ನೆ: ನಾನು ಓದಲು ಹೋಗುವ ಗ್ರಂಥಾಲಯದಲ್ಲಿ ವೈಫೈ ಇದೆ. ಆದರೆ ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗಲೆಲ್ಲ ಹೆಸರು, ಪಾಸ್‌ವರ್ಡ್ ಮತ್ತೆ ಕೊಡಬೇಕು. ಕೆಲವು ಸಲ ಲಾಗಿನ್ ಪುಟವೇ ಬರುವುದಿಲ್ಲ. ನನ್ನದು ಲಿನಕ್ಸ್. ಇದು ತಾನೇ ತಾನಾಗಿ ಆಗುವಂತೆ ಮಾಡಬಹುದೇ?

ಉತ್ತರ: ಧಾರಾಳವಾಗಿ. ಆದರೆ ಮೊದಲು ಒಂದು ಸೆಟ್ಟಿಂಗ್ ನೋಡಿಬಿಡಿ. ಇಂಥ ವೈಫೈ ನಿಮ್ಮನ್ನು ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಮ್ಯಾಕ್ ವಿಳಾಸದಿಂದ, ಅಂದರೆ ನಿಮ್ಮ ಲ್ಯಾಪ್‌ಟಾಪ್ ವೈಫೈಗೆ ತೋರಿಸುವ ಗುರುತಿನ ಸಂಖ್ಯೆಯಿಂದ. ಲಿನಕ್ಸ್‌ನಲ್ಲಿ ವೈಫೈ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಅದು 'ರ‍್ಯಾಂಡಮ್' ಎಂದಿದ್ದರೆ ಪ್ರತಿ ಸಲವೂ ನೀವು ಅಪರಿಚಿತರೇ. ಆ ಒಂದು ವೈಫೈಗೆ ಮಾತ್ರ 'ಸ್ಟೇಬಲ್' ಮಾಡಿ. ನಾನು ಎರಡು ಸಂಜೆ ಕೂತು, ಲಾಗಿನ್ ಕೆಲಸ ತಾನೇ ಮಾಡುವ ಪುಟ್ಟ ಪ್ರೋಗ್ರಾಮ್, ಅಂದರೆ ಸ್ಕ್ರಿಪ್ಟ್ ಬರೆದು ಮುಗಿಸಿದ ಮೇಲೆ ಇದು ಹೊಳೆಯಿತು. ಸ್ಕ್ರಿಪ್ಟ್ ಬೇಕೇ ಇರಲಿಲ್ಲ!

ಲಾಗಿನ್ ಪುಟ ಬಾರದಿರುವುದಕ್ಕೆ ಎಚ್‌ಟಿಟಿಪಿಎಸ್ (ವೆಬ್‌ಸೈಟಿನ ಜೊತೆಗಿನ ಗೂಢಲಿಪಿಯ ಸಂಪರ್ಕ) ಕಾರಣವಿರಬಹುದು. ಅಂಥ ಕೋರಿಕೆಯನ್ನು ನಡುವೆ ತಿರುಗಿಸಿದರೆ ಬ್ರೌಸರ್, ಸೈಟಿನ ಗುರುತು ಸಾರುವ ಪ್ರಮಾಣಪತ್ರ ಸರಿಯಿಲ್ಲವೆಂದು ನಿಲ್ಲಿಸುತ್ತದೆ. ಬರೀ ಎಚ್‌ಟಿಟಿಪಿ ವಿಳಾಸವೊಂದನ್ನು ತೆರೆದು ನೋಡಿ. ವಿಪಿಎನ್ ಇದ್ದರೆ ಅಷ್ಟು ಹೊತ್ತು ಆಫ್ ಮಾಡಿ.

ಇಷ್ಟಾದರೂ ಕಾಟ ತಪ್ಪದಿದ್ದರೆ ಸ್ಕ್ರಿಪ್ಟ್. ನೆಟ್‌ವರ್ಕ್ ಮ್ಯಾನೇಜರ್‌ನ ಡಿಸ್‌ಪ್ಯಾಚರ್ ಫೋಲ್ಡರ್‌ನಲ್ಲಿ ಇಟ್ಟರೆ ವೈಫೈ ಹತ್ತಿದೊಡನೆ ಓಡುತ್ತದೆ. ಕಡತದ ಒಡೆತನ ರೂಟ್‌ನದೇ (ಲಿನಕ್ಸ್‌ನ ಮುಖ್ಯ ಆಡಳಿತ ಖಾತೆಯದೇ) ಇರಬೇಕು, ಬೇರೆಯವರಿಗೆ ತಿದ್ದುವ ಹಕ್ಕು ಇರಬಾರದು. ಇಲ್ಲದಿದ್ದರೆ ಅದು ಓಡುವುದೇ ಇಲ್ಲ. ಸ್ಕ್ರಿಪ್ಟ್ ಮೊದಲು ಆಂಡ್ರಾಯ್ಡ್ ಫೋನುಗಳು ಮಾಡುವ ಪರೀಕ್ಷೆಯನ್ನೇ ಮಾಡಲಿ: ಗೂಗಲ್‌ನ ಪರೀಕ್ಷಾ ವಿಳಾಸದಿಂದ ಉತ್ತರದ ಸಂಕೇತವಾಗಿ 204 ಬಂದರೆ ದಾರಿ ತೆರೆದಿದೆ, 302 ಬಂದರೆ ಲಾಗಿನ್ ಪುಟ ಅಡ್ಡ ನಿಂತಿದೆ. ಆಗ ವೆಬ್ ಪುಟ ತರುವ, ಕಳಿಸುವ ಕರ್ಲ್ ಎಂಬ ಆದೇಶದಿಂದ ಆ ಪುಟ ತಂದು, ಅದರಲ್ಲಿ ಅಡಗಿರುವ ಟೋಕನ್ (ಆ ಸಲಕ್ಕೆಂದೇ ಕೊಟ್ಟ ಗುಪ್ತ ಸಂಕೇತ) ಹೆಕ್ಕಿ, ಹೆಸರು-ಪಾಸ್‌ವರ್ಡ್ ಜೊತೆ ವಾಪಸ್ ಕಳಿಸಬೇಕು. ನಿನ್ನೆಯ ಟೋಕನ್ ಇವತ್ತು ನಡೆಯದು. ನಾನು ಎಡವಿದ್ದು ಅಲ್ಲೇ. ಲಾಗಿನ್ ಆಗುವಾಗ ಯಾವ ಯಾವ ಮಾಹಿತಿ ಹೋಗುತ್ತದೆಂದು ತಿಳಿಯಲು ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದಿಟ್ಟು ಒಮ್ಮೆ ಕೈಯಾರೆ ಲಾಗಿನ್ ಆಗಿ.

ನಿಮ್ಮ ಗ್ರಂಥಾಲಯದ ವೈಫೈ ಹೆಸರನ್ನು ಪಕ್ಕದ ಮೇಜಿನವರೂ ತಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಇಟ್ಟು, ನಕಲಿ ಲಾಗಿನ್ ಪುಟ ತೋರಿಸಿ ಪಾಸ್‌ವರ್ಡ್ ಕದಿಯಬಹುದು. ನೀವಾದರೆ ಪುಟ ನೋಡಿ ಅನುಮಾನಪಡುತ್ತೀರಿ, ಸ್ಕ್ರಿಪ್ಟಿಗೆ ಆ ಅನುಮಾನವಿಲ್ಲ. ಆದ್ದರಿಂದ ಲಾಗಿನ್ ಪುಟದ ವಿಳಾಸವನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ, ಬೇರೆ ವಿಳಾಸ ಕಂಡರೆ ಏನೂ ಕಳಿಸದೆ ನಿಲ್ಲಲಿ. ಪ್ರಮಾಣಪತ್ರದ ತಕರಾರು ಬಂತೆಂದು ಕರ್ಲ್‌ಗೆ, ಆ ತಪಾಸಣೆಯನ್ನೇ ಬಿಡಿಸುವ 'ಕೆ' (-k) ಆಯ್ಕೆ ಕೊಟ್ಟು ಬಾಯಿ ಮುಚ್ಚಿಸಬೇಡಿ. ಪುಟ ಬರೀ ಎಚ್‌ಟಿಟಿಪಿಯದಾದರೆ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

ಪ್ರತಿ ಸಲ ಮೊಬೈಲ್‌ಗೆ ಒಟಿಪಿ ಕಳಿಸುವ ವೈಫೈ ಆದರೆ ಈ ಉಸಾಬರಿಯೇ ಬೇಡ, ಕೈಯಾರೆ ಒತ್ತಿ.