ಒಣಗಿದೆ ನಿಜ, ನೀರಿಗೆ ತಡೆಯುತ್ತಾ? ಆರ್ಟ್ ಜರ್ನಲ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆರ್ಟ್ ಜರ್ನಲ್ ಬಗ್ಗೆಯೇ, ಅಂದರೆ ಚಿತ್ರ, ಬರಹ ಎಲ್ಲ ಸೇರಿಸಿ ತುಂಬುವ ಪುಸ್ತಕದ ಬಗ್ಗೆಯೇ ಇವೆ. ಇಂಕ್ ಹಚ್ಚಿ ಒತ್ತುವ ಸ್ಟ್ಯಾಂಪ್, ಬಣ್ಣ, ಅಂಟಿಸಿದ ಕಾಗದ ಎಲ್ಲವೂ ಒಂದೇ ಪುಟಕ್ಕೆ ಬಂದಾಗ ಒಂದಕ್ಕೊಂದು ಹೊಂದದೆ ಜಗಳವಾಡುತ್ತವಲ್ಲ, ಆ ಜಗಳ ಬಿಡಿಸಿ ಅಂತ ಕೇಳಿದ್ದೀರಿ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಕಪ್ಪು ಇಂಕ್‌ನಲ್ಲಿ ಎಲೆಯ ಸ್ಟ್ಯಾಂಪ್ ಒತ್ತಿ, ಅರ್ಧ ಗಂಟೆ ಒಣಗಲು ಬಿಟ್ಟು, ಆಮೇಲೆ ವಾಟರ್ ಕಲರ್ ತುಂಬಿದೆ. ಬ್ರಷ್ ತಾಗಿದ ಕೂಡಲೇ ಗೆರೆಯೆಲ್ಲ ಕರಗಿ ಹಸಿರು ಹೋಗಿ ಬೂದಿ ಬಣ್ಣವಾಯಿತು. ಇನ್ನೂ ಎಷ್ಟು ಹೊತ್ತು ಕಾಯಬೇಕಿತ್ತು?

ಒಂದು ವಾರ ಕಾದಿದ್ದರೂ ಇದೇ ಕಥೆ. ಇಂಕ್ ಒಣಗುವುದು ಬೇರೆ, ಒಣಗಿದ ಮೇಲೆ ನೀರಿಗೆ ತಡೆದು ನಿಲ್ಲುವುದು ಬೇರೆ. ನಿಮ್ಮ ಪ್ಯಾಡ್‌ನಲ್ಲಿರುವುದು ಡೈ ಇಂಕ್ ಇರಬೇಕು. ಅದು ಕಾಗದದೊಳಗೆ ಬೇಗ ಇಳಿಯುತ್ತದೆ, ಬೇಗ ಒಣಗುತ್ತದೆ. ಆದರೆ ಹೆಚ್ಚಿನ ಡೈ ಇಂಕ್‌ಗಳು ನೀರು ತಾಗಿದರೆ ಮತ್ತೆ ಎದ್ದು ಹರಡುತ್ತವೆ. ಪಿಗ್ಮೆಂಟ್ ಇಂಕ್‌ನ ರೀತಿ ಬೇರೆ. ಅದರ ಬಣ್ಣದ ಕಣಗಳು ಕಾಗದದ ಮೇಲೇ ಕೂರುತ್ತವೆ, ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಲು ಮಾತ್ರ ತುಂಬಾ ಹೊತ್ತು. ನುಣುಪಾದ ಕಾಗದದ ಮೇಲಾದರೆ ಒಣಗದೆ ಹಾಗೇ ಉಳಿದರೂ ಉಳಿಯಿತು.

ಮೂರನೆಯದು ಸಾಲ್ವೆಂಟ್ ಇಂಕ್. ಪ್ಲಾಸ್ಟಿಕ್, ಲೋಹದ ಹಾಳೆ, ಅಕ್ರಿಲಿಕ್ ಬಳಿದು ನುಣುಪಾದ ಪುಟ, ಇಂಥ ಕಡೆ ಬೇರೆ ಇಂಕ್ ಜಾರಿದರೂ ಇದು ಹಿಡಿಯುತ್ತದೆ. ನೀರಿಗೂ ಜಗ್ಗುವುದಿಲ್ಲ. ತೆಳು ಕಾಗದದಲ್ಲಿ ಹಿಂದಿನ ಪುಟಕ್ಕೆ ಇಳಿಯುತ್ತದೆ ಅನ್ನುವುದೊಂದು ತಕರಾರು. ಇನ್ನೊಂದು, ಇದರ ಮೇಲೆ ಆಲ್ಕೋಹಾಲ್ ಮಾರ್ಕರ್ ಎಳೆದರೆ ಗೆರೆ ಕದಡುತ್ತದೆ. ವಾಟರ್ ಕಲರ್ ತುಂಬುವ ಆಸೆ ಇದ್ದರೆ ಪ್ಯಾಡ್ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದೆಯಾ ನೋಡಿ. ಪರ್ಮನೆಂಟ್ ಅನ್ನುವ ಪದವೊಂದನ್ನೇ ನಂಬಬೇಡಿ, ಬಿಸಿಲಿಗೆ ಮಾಸುವುದಿಲ್ಲ ಅನ್ನುವ ಅರ್ಥದಲ್ಲೂ ಅದನ್ನು ಹಾಕಿರುತ್ತಾರೆ.

ನಿಮ್ಮ ಜರ್ನಲ್‌ನ ಕೊನೆಯ ಪುಟವನ್ನು ಪರೀಕ್ಷೆಗೆ ಅಂತಲೇ ಬಿಟ್ಟುಬಿಡಿ. ಹತ್ತಿರ ಇರುವ ಪ್ರತಿ ಇಂಕ್‌ನಲ್ಲೂ ಒಂದೊಂದು ಚಿಕ್ಕ ಸ್ಟ್ಯಾಂಪ್ ಒತ್ತಿ, ಪಕ್ಕದಲ್ಲಿ ಇಂಕ್‌ನ ಹೆಸರು ಬರೆಯಿರಿ. ಮರುದಿನ ಒದ್ದೆ ಬ್ರಷ್ಷನ್ನು ಪ್ರತಿ ಅಚ್ಚಿನ ಅರ್ಧ ಭಾಗದ ಮೇಲೆ ಮಾತ್ರ ಎಳೆಯಿರಿ. ಉಳಿದರ್ಧ ಹಾಗೇ ಇರಲಿ, ಹೋಲಿಸಲು ಬೇಕು. ಯಾವುದು ನಿಂತಿತು, ಯಾವುದು ಹರಿಯಿತು ಅಂತ ಆ ಪುಟವೇ ಹೇಳುತ್ತದೆ. ಹರಿಯುವ ಇಂಕ್ ದಂಡ ಅಂತ ಎಸೆಯಬೇಡಿ ಮತ್ತೆ. ಹೂವಿನ ಸ್ಟ್ಯಾಂಪ್ ಅದರಲ್ಲೇ ಒತ್ತಿ, ಒದ್ದೆ ಬ್ರಷ್‌ನಿಂದ ಗೆರೆಯ ಬಣ್ಣವನ್ನೇ ಎಸಳಿನೊಳಗೆ ಎಳೆದುಕೊಂಡು ಬನ್ನಿ. ಬೇರೆ ಬಣ್ಣವೇ ಬೇಡ, ಅಂಚು ಗಾಢ ಆಗಿ ನಡು ತಿಳಿಯಾಗಿ ತಾನಾಗೇ ನೆರಳು ಬಂದಿರುತ್ತದೆ.

ಪ್ರಶ್ನೆ: ಹೊಸ ಪಾರದರ್ಶಕ ಸ್ಟ್ಯಾಂಪ್ ತಗೊಂಡೆ. ಇಂಕ್ ಹನಿ ಹನಿಯಾಗಿ ನಿಲ್ಲುತ್ತೆ, ಅಚ್ಚು ತೇಪೆ ತೇಪೆ. ಸ್ಟ್ಯಾಂಪೇ ಸರಿಯಿಲ್ವಾ ಅಥವಾ ನನ್ನ ಕೈ ಸರಿಯಿಲ್ವಾ?

ಎರಡೂ ಸರಿಯಾಗೇ ಇವೆ. ಪಾರದರ್ಶಕ ಸ್ಟ್ಯಾಂಪ್ ಫೋಟೊಪಾಲಿಮರ್ ಅನ್ನುವ ಪ್ಲಾಸ್ಟಿಕ್‌ನದು, ಹೊಸದರ ಮೇಲ್ಮೈ ತುಂಬಾ ನುಣುಪು, ತಯಾರಾಗುವಾಗಿನ ಜಿಡ್ಡೂ ಸ್ವಲ್ಪ ಉಳಿದಿರುತ್ತದೆ. ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೇಲೆಲ್ಲ ಮೆತ್ತಗೆ ಉಜ್ಜಿ. ಅಷ್ಟರಲ್ಲೇ ಇಂಕ್ ಸಮನಾಗಿ ಹಿಡಿಯಲು ಶುರುವಾಗುತ್ತದೆ.

ಒತ್ತುವ ರೀತಿಯೂ ಒಂದಿದೆ. ಸ್ಟ್ಯಾಂಪನ್ನು ಪ್ಯಾಡ್ ಮೇಲೆ ಹಾಕಿ ಅದುಮಬೇಡಿ. ಸ್ಟ್ಯಾಂಪ್ ಮೇಲ್ಮುಖವಾಗಿರಲಿ, ಪ್ಯಾಡನ್ನೇ ಮೇಲಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಆಗ ಎಲ್ಲಿ ಇಂಕ್ ಹತ್ತಿದೆ, ಎಲ್ಲಿ ಹತ್ತಿಲ್ಲ ಅಂತ ಕಣ್ಣಿಗೆ ಕಾಣುತ್ತದೆ. ಪುಟದ ಮೇಲೆ ಇಟ್ಟಾಗ ಆಫೀಸಿನಲ್ಲಿ ಸೀಲ್ ಗುದ್ದಿದ ಹಾಗೆ ಗುದ್ದಬಾರದು. ನೇರವಾಗಿ ಇಳಿಸಿ, ಅಲುಗಾಡಿಸದೆ ಬೆರಳುಗಳಿಂದ ನಾಲ್ಕೂ ಮೂಲೆ ಮತ್ತು ನಡು ಒತ್ತಿ, ನೇರವಾಗಿ ಎತ್ತಿ.

ಜರ್ನಲ್‌ನಲ್ಲಿ ಇನ್ನೊಂದು ತಾಪತ್ರಯ ಇದೆ ನೋಡಿ. ಬಿಡಿ ಹಾಳೆ ಮೇಜಿನ ಮೇಲೆ ಸಮನಾಗಿ ಕೂರುತ್ತದೆ, ಆದರೆ ಹೊಲಿದ ಪುಸ್ತಕದ ಪುಟ ಹೊಲಿಗೆಯ ಕಡೆ ಬಾಗಿರುತ್ತದೆ, ಹಿಂದಿನ ಪುಟದಲ್ಲಿ ಏನಾದರೂ ಅಂಟಿಸಿದ್ದರಂತೂ ಅದರ ಉಬ್ಬು ತಗ್ಗೆಲ್ಲ ಈಚೆಗೆ ಅಚ್ಚಿನಲ್ಲಿ ಕಾಣುತ್ತದೆ. ಪುಟದ ಕೆಳಗೆ ಹಳೇ ಮೌಸ್ ಪ್ಯಾಡ್ ಇಟ್ಟು ಒತ್ತಿ, ಮುಕ್ಕಾಲು ತೊಂದರೆ ಮುಗಿಯಿತು. ಪಾರದರ್ಶಕ ಸ್ಟ್ಯಾಂಪ್‌ಗಳನ್ನು ಬಿಸಿಲಿನಲ್ಲಿ ಬಿಡಬೇಡಿ, ಹಳದಿಯಾಗಿ ಗಡುಸಾಗುತ್ತವೆ. ಸ್ಟ್ಯಾಂಪ್ ಅಂಟಿಸಿ ಹಿಡಿಯುವ ಬ್ಲಾಕಿಗೆ ಅಂಟುವ ಗುಣ ಹೋದರೆ ತೊಳೆದು ಹಾಗೇ ಆರಲು ಬಿಡಿ, ವಾಪಸ್ ಬರುತ್ತದೆ.

ಪ್ರಶ್ನೆ: ಹಸಿ ಅಚ್ಚಿನ ಮೇಲೆ ಉದುರಿಸಿ ಬಿಸಿಗೆ ಉಬ್ಬಿಸುವ ಎಂಬಾಸಿಂಗ್ ಪೌಡರ್ ಕರಗಿಸಲು ಹೇರ್ ಡ್ರೈಯರ್ ಸಾಕಾ?

ಸಾಕಾಗುವುದಿಲ್ಲ. ಅದರಲ್ಲಿ ಗಾಳಿ ಜಾಸ್ತಿ, ಬಿಸಿ ಕಮ್ಮಿ. ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ಹೀಟ್ ಗನ್ನೇ ಬೇಕು, ಅದನ್ನೂ ಒಂದೇ ಕಡೆ ಹಿಡಿದು ನಿಲ್ಲಿಸಬೇಡಿ, ಕಾಗದ ಸುಟ್ಟೀತು.

ಪ್ರಶ್ನೆ: ಅಕ್ರಿಲಿಕ್ ಬಳಿದ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಬಣ್ಣ ಸಮೇತ ಕಿತ್ತುಬರುತ್ತಿವೆ. ಬಣ್ಣ ಚೆನ್ನಾಗಿ ಒಣಗಿದ ಮೇಲೇ ಪುಸ್ತಕ ಮುಚ್ಚಿದ್ದೆ. ತುಂಬಾ ಬೇಜಾರಾಗಿದೆ, ಏನು ಮಾಡಲಿ?

ಬೇಜಾರಾಗುವುದು ಸಹಜವೇ. ಅಕ್ರಿಲಿಕ್ ಅಂದರೆ ಕೊನೆಗೆ ಒಂದು ತೆಳು ಪ್ಲಾಸ್ಟಿಕ್ ಪದರ. ನೀರು ಆರಿದ ಮೇಲೆ ಅದರೊಳಗಿನ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಸೇರಿ ಪೊರೆ ಕಟ್ಟುತ್ತವೆ. ಮುಟ್ಟಿದರೆ ಕೆಲವೇ ನಿಮಿಷದಲ್ಲಿ ಒಣಗಿದೆ ಅನ್ನಿಸುತ್ತದೆ, ಆದರೆ ಒಳಗೆ ಪೂರ್ತಿ ಗಟ್ಟಿಯಾಗಲು ದಿನಗಳು, ದಪ್ಪ ಬಳಿದಿದ್ದರೆ ವಾರಗಳೇ ಬೇಕು. ಗಟ್ಟಿಯಾದ ಮೇಲೂ ಸೆಕೆಗೆ ಸ್ವಲ್ಪ ಮೆತ್ತಗಾಗುತ್ತದೆ. ಎದುರುಬದುರು ಪುಟ ಎರಡಕ್ಕೂ ಅಕ್ರಿಲಿಕ್ ಇದ್ದು, ಮೇಲೆ ಪುಸ್ತಕದ ಭಾರವೂ ಬಿದ್ದರೆ ಆ ಎರಡು ಪೊರೆಗಳೂ ಹಿಡಿದುಕೊಳ್ಳುತ್ತವೆ. ಹೊಳಪಿನ ಬಣ್ಣ, ಹೊಳಪಿನ ಮೀಡಿಯಂ (ಬಣ್ಣಕ್ಕೆ ಬೆರೆಸುವ ಅಥವಾ ಮೇಲೆ ಬಳಿಯುವ ಬಣ್ಣವಿಲ್ಲದ ಅಕ್ರಿಲಿಕ್) ಆದರೆ ಇನ್ನೂ ಜಾಸ್ತಿ.

ಇನ್ನು ಮುಂದೆ ಹೊಳಪಿಲ್ಲದ ಮ್ಯಾಟ್ ಮೀಡಿಯಂ ಬಳಸಿ. ಪುಟ ಪೂರ್ತಿ ಒಣಗಿದ ಮೇಲೆ ಕಲಾವಿದರು ಬಳಸುವ ಮೇಣ, ಕೋಲ್ಡ್ ವ್ಯಾಕ್ಸ್ ಅಂತ ಸಿಗುತ್ತಲ್ಲ, ಅದನ್ನು ಬಟ್ಟೆಯಲ್ಲಿ ಚೂರೇ ಚೂರು ತೆಗೆದುಕೊಂಡು ತೆಳ್ಳಗೆ ಸವರಿ, ಆರಿದ ಮೇಲೆ ಉಜ್ಜಿ. ಒಂದು ಎಚ್ಚರಿಕೆ: ಮೇಣ ಹಾಕಿದ ಮೇಲೆ ಆ ಪುಟದಲ್ಲಿ ಬಣ್ಣ, ಅಂಟು ಯಾವುದೂ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಇದು ಕಟ್ಟಕಡೆಯ ಕೆಲಸ. ಅಷ್ಟೆಲ್ಲ ಬೇಡ ಅಂದರೆ ಪುಟಗಳ ನಡುವೆ ಒಂದೊಂದು ಬಟರ್ ಪೇಪರ್ ಇಡಿ.

ಈಗ ಅಂಟಿರುವುದನ್ನು ಎಳೆಯಬೇಡಿ. ತೆಳುವಾದ, ಮೊಂಡಾದ ಪಟ್ಟಿಯೊಂದನ್ನು ಮೂಲೆಯಿಂದ ತೂರಿಸಿ ನಿಧಾನಕ್ಕೆ ಸರಿಸುತ್ತಾ ಬನ್ನಿ. ಅಲ್ಲಲ್ಲಿ ಕಿತ್ತೇ ಕೀಳುತ್ತದೆ. ಕಿತ್ತ ಜಾಗಕ್ಕೆ ತೆಳ್ಳಗೆ ಜೆಸ್ಸೊ (ಬಣ್ಣದ ಕೆಳಗೆ ಬಳಿಯುವ ಬಿಳಿ ತಳಪದರ) ಬಳಿದು ಮುಂದುವರಿಸಿ. ಸಿಪ್ಪೆ ಎದ್ದ ಗೋಡೆಯಂಥ ಆ ತರಿತರಿಯನ್ನು ಬೇಕಂತಲೇ ಮಾಡಲು ಹೋದರೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಪ್ರಶ್ನೆ: ಎಲ್ಲ ಪುಟಗಳೂ ಕೊನೆಗೆ ಕೆಸರಿನ ಬಣ್ಣಕ್ಕೇ ತಿರುಗುತ್ತವೆ. ಯಾವುದರ ಮೇಲೆ ಯಾವುದು ಹಾಕಬೇಕು ಅಂತ ಒಂದು ಕ್ರಮ ಇದೆಯಾ?

ಕಟ್ಟುನಿಟ್ಟಿನ ಕ್ರಮ ಇಲ್ಲ, ಆದರೆ ಕೆಲವು ಜೋಡಿಗಳು ಹೊಂದುವುದೇ ಇಲ್ಲ. ಎಣ್ಣೆ ಮೇಣ ಇರುವುದರ ಮೇಲೆ ನೀರಿನದು ನಿಲ್ಲುವುದಿಲ್ಲ. ಆಯಿಲ್ ಪೇಸ್ಟಲ್, ಅಂದರೆ ಎಣ್ಣೆ ಮೇಣದ ಬಣ್ಣದ ಕಡ್ಡಿ, ತಿಕ್ಕಿ ಅದರ ಮೇಲೆ ಅಕ್ರಿಲಿಕ್ ಬಳಿದರೆ ಇವತ್ತು ಚೆನ್ನಾಗಿ ಕಾಣುತ್ತದೆ, ಮುಂದೊಂದು ದಿನ ಎದ್ದುಬರುತ್ತದೆ. ತಿರುಗಿಸಿ ಮಾಡಿ: ಅಕ್ರಿಲಿಕ್ ಕೆಳಗೆ, ಪೇಸ್ಟಲ್ ಮೇಲೆ. ಪೇಸ್ಟಲ್ ಗೆರೆ ಎಳೆದು ಮೇಲೆ ವಾಟರ್ ಕಲರ್ ಹರಿಸಿದರೆ ಗೆರೆ ಬಿಟ್ಟು ಉಳಿದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ, ಅದು ಬೇಕಂತಲೇ ಮಾಡುವ ಆಟ, ಅದು ಬೇರೆ ವಿಷಯ.

ಕೆಸರು ಆಗುವುದಕ್ಕೆ ಕಾರಣ ಮಾತ್ರ ಸಾಮಾನ್ಯವಾಗಿ ಎರಡೇ. ಒಂದು, ಕೆಳಗಿನ ಪದರ ನೀರಿಗೆ ಕರಗುವಂಥದ್ದಾಗಿರುತ್ತದೆ. ವಾಟರ್ ಕಲರ್‌ನಲ್ಲಿ ಬಣ್ಣ ಹಿಡಿದಿಡುವುದು ಗಮ್ ಅರೇಬಿಕ್ ಅನ್ನುವ ಅಂಟು. ಎಷ್ಟು ವರ್ಷ ಆದರೂ ನೀರು ಬಿದ್ದರೆ ಅದು ಮತ್ತೆ ಕರಗುತ್ತದೆ. ಅಕ್ರಿಲಿಕ್ ಒಣಗಿದರೆ ಕರಗುವುದಿಲ್ಲ. ಹಾಗಾಗಿ ಹಲವು ಪದರ ಹಾಕುವವರು ತೆಳು ಅಕ್ರಿಲಿಕ್‌ನಿಂದ ಶುರು ಮಾಡಿದರೆ ಮೇಲೆ ಏನು ಮಾಡಿದರೂ ತಳ ಕದಡುವುದಿಲ್ಲ. ಎರಡು, ಕೆಂಪು ಹಸಿರು, ನೇರಳೆ ಹಳದಿ, ಇಂಥ ಎದುರು ಬಣ್ಣಗಳು ಹಸಿಯಾಗಿದ್ದಾಗಲೇ ಸೇರಿದರೆ ಕಂದು ಬಂದೇ ಬರುತ್ತದೆ. ಅವೆರಡೂ ಬೇಕೇ ಬೇಕು ಅನ್ನಿಸಿದರೆ ನಡುವೆ ಒಣಗಲು ಬಿಡಿ.

ಸ್ಟ್ಯಾಂಪಿನಲ್ಲಿ ಹಿಂದೆ ಮುಂದೆ ತೋರಿಸಲು ಒಂದು ಉಪಾಯ ಹೇಳುತ್ತೇನೆ, ಇದು ನನಗೆ ಬಹಳ ಇಷ್ಟ. ಮುಂದೆ ಕಾಣಬೇಕಾದ ಚಿತ್ರವನ್ನೇ ಮೊದಲು ಒತ್ತಿ. ಅದೇ ಸ್ಟ್ಯಾಂಪನ್ನು ಅಂಟುಚೀಟಿಯ ಮೇಲೂ, ಹಿಂದೆ ಅಂಟಿರುವ ಭಾಗದ ಮೇಲ್ಮುಖಕ್ಕೆ ಬರುವಂತೆ ಒತ್ತಿ ಗೆರೆಯ ಒಳಅಂಚಿಗೆ ಸರಿಯಾಗಿ ಕತ್ತರಿಸಿ. ಅದನ್ನು ಪುಟದ ಅಚ್ಚಿನ ಮೇಲೆ ಮುಚ್ಚಿ, ಎರಡನೇ ಸ್ಟ್ಯಾಂಪನ್ನು ಅರ್ಧ ಅದರ ಮೇಲೇ ಬರುವಂತೆ ಒತ್ತಿ. ಚೀಟಿ ಎತ್ತಿದರೆ ಎರಡನೇ ಚಿತ್ರ ಮೊದಲಿನದರ ಹಿಂದೆ ನಿಂತಿರುತ್ತದೆ. ಇನ್ನೂ ದೂರ ಕಾಣಬೇಕಾ? ಇಂಕ್ ಹಚ್ಚಿದ ಸ್ಟ್ಯಾಂಪನ್ನು ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಉಳಿದ ಇಂಕ್‌ನಲ್ಲೇ ಪುಟಕ್ಕೆ ಒತ್ತಿ. ಮಸುಕಾಗಿ ಬರುತ್ತದೆ, ಮಸುಕಾದದ್ದು ದೂರ ಹೋಗುತ್ತದೆ.

ಪ್ರಶ್ನೆ: ಸ್ಟ್ಯಾಂಪ್ ನಾನೇ ಕೆತ್ತಬೇಕು ಅಂತ ಆಸೆ. ಅಕ್ಷರ ಕೆತ್ತಿದರೆ ಉಲ್ಟಾ ಬರುತ್ತಲ್ಲ?

ಬರುತ್ತದೆ, ಅದಕ್ಕೇ ಪೆನ್ಸಿಲ್ ಬಳಸಬೇಕು. ತೆಳು ಕಾಗದದ ಮೇಲೆ ಮೆದು ಪೆನ್ಸಿಲ್‌ನಲ್ಲಿ ಅಕ್ಷರವನ್ನು ಸರಿಯಾಗೇ ಬರೆಯಿರಿ. ಬರೆದ ಮುಖವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಹಿಂದಿನಿಂದ ಉಗುರಿನಲ್ಲಿ ತಿಕ್ಕಿ. ಪೆನ್ಸಿಲ್ ಗುರುತು ರಬ್ಬರಿಗೆ ಉಲ್ಟಾ ಇಳಿಯುತ್ತದೆ, ಅದನ್ನೇ ಕೆತ್ತಿದರೆ ಅಚ್ಚು ನೆಟ್ಟಗೆ ಬರುತ್ತದೆ. ಕೆತ್ತುವಾಗ ಗೆರೆಯ ಹೊರಬದಿಗೆ ಇಳಿಜಾರಾಗಿ ಕೊರೆಯಿರಿ. ಗೆರೆಯ ಬುಡ ಅಗಲ ಇರಬೇಕು, ಬುಡ ಸಣ್ಣಗಾದರೆ ಒತ್ತುವಾಗ ಗೆರೆ ಬಾಗಿ ಮುರಿಯುತ್ತದೆ. ಕೈ ಚಾಕುವಿನ ದಾರಿಯಲ್ಲಿ ಇರಬಾರದು, ರಬ್ಬರನ್ನು ತಿರುಗಿಸಿಕೊಳ್ಳಿ, ಚಾಕುವನ್ನಲ್ಲ.

ಕೆತ್ತಲು ಬೇಸರವಾದ ದಿನ ಸುಮ್ನೆ ಮನೆಯೆಲ್ಲ ಒಮ್ಮೆ ನೋಡಿ. ಬಾಟಲಿ ಮುಚ್ಚಳ, ಗುಳ್ಳೆ ಪ್ಲಾಸ್ಟಿಕ್, ಮೇಲಿನ ಕಾಗದ ಸುಲಿದ ರಟ್ಟಿನ ಸಾಲು ಸಾಲು, ಮರದ ತುಂಡಿಗೆ ಅಡ್ಡಾದಿಡ್ಡಿ ಸುತ್ತಿದ ದಾರ, ಎಲ್ಲವೂ ಸ್ಟ್ಯಾಂಪೇ.

ಪ್ರಶ್ನೆ: ಮನೆಯ ಪ್ರಿಂಟರ್‌ನಲ್ಲಿ ತೆಗೆದ ಫೋಟೊ ಅಂಟಿಸಿದರೆ ಬಣ್ಣ ಹರಡಿತು. ಗೆಳತಿಯದು ಏನೂ ಆಗಲಿಲ್ಲ.

ನಿಮ್ಮದು ಇಂಕ್‌ಜೆಟ್, ಅವರದು ಲೇಸರ್ ಇರಬೇಕು. ಲೇಸರ್ ಪ್ರಿಂಟರ್‌ನಲ್ಲಿ ಟೋನರ್ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ನೀರಿನಂಶದ ಅಂಟು ಅದನ್ನೇನೂ ಮಾಡುವುದಿಲ್ಲ. ಲೇಸರ್ ಪ್ರತಿ ಇದ್ದರೆ ಇನ್ನೊಂದು ಲಾಭವೂ ಇದೆ. ಪುಟಕ್ಕೆ ಜೆಲ್ ಮೀಡಿಯಂ (ದಪ್ಪನೆಯ ಅಕ್ರಿಲಿಕ್ ಮೀಡಿಯಂ) ಬಳಿದು ಪ್ರಿಂಟನ್ನು ಬೋರಲು ಅಂಟಿಸಿ, ರಾತ್ರಿಯಿಡೀ ಒಣಗಿಸಿ, ಹಿಂದಿನಿಂದ ಕಾಗದ ನೆನೆಸಿ ಬೆರಳಿನಲ್ಲಿ ಉಜ್ಜುತ್ತಾ ಹೋದರೆ ಕಾಗದ ಉದುರಿ ಚಿತ್ರ ಮಾತ್ರ ಉಳಿಯುತ್ತದೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಅಕ್ಷರ ಇದ್ದರೆ ಮೊದಲೇ ತಿರುಗಿಸಿ ಪ್ರಿಂಟ್ ತೆಗೆಯಿರಿ.

ಪ್ರಶ್ನೆ: ಯಾರೋ ಮಾಡಿದ ಸ್ಟ್ಯಾಂಪ್ ಒತ್ತಿ, ಯಾವುದೋ ಪತ್ರಿಕೆ ಕತ್ತರಿಸಿ ಅಂಟಿಸುವುದು ಕಲೆಯಾ ಅಂತ ಮನೆಯಲ್ಲಿ ನಗುತ್ತಾರೆ. ಏನು ಉತ್ತರ ಕೊಡಲಿ?

ಉತ್ತರ ಕೊಡಲೇಬೇಕು ಅಂತೇನಿಲ್ಲ. ಕೊಡಬೇಕು ಅನ್ನಿಸಿದರೆ ಪಿಕಾಸೊ ಹೆಸರು ಹೇಳಿ. 1912ರಲ್ಲಿ ಅವರು ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಒಂದು ಚಿತ್ರಕ್ಕೆ ಅಂಟಿಸಿ ಸುತ್ತಲೂ ಹಗ್ಗದ ಚೌಕಟ್ಟು ಹಾಕಿದ್ದರು. ಆ ಹೆಣಿಗೆಯನ್ನು ಅವರು ಬಿಡಿಸಿರಲಿಲ್ಲ, ಕಾರ್ಖಾನೆಯದು. ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ 1919ರ ಹೊತ್ತಿಗೆ ಕಚೇರಿಯ ರಬ್ಬರ್ ಸ್ಟ್ಯಾಂಪ್‌ಗಳನ್ನೇ ಒತ್ತಿ ಜೊತೆಗೆ ಕೈಯಿಂದ ಗೆರೆ ಎಳೆದು ಚಿತ್ರ ಮಾಡುತ್ತಿದ್ದರು. ಅವರ ಕೊಲಾಜ್‌ಗಳಲ್ಲಿ, ಅಂದರೆ ಅಂಟಿಸಿ ಮಾಡಿದ ಚಿತ್ರಗಳಲ್ಲಿ, ಟಿಕೆಟ್ ಚೂರು, ಪೊಟ್ಟಣದ ಕಾಗದ ಎಲ್ಲ ಇವೆ. ಆದರೂ ನನ್ನದೊಂದು ಮಾತು: ತಂದ ಸ್ಟ್ಯಾಂಪನ್ನು ಪುಟದ ನಡುವೆ ಒಂದೇ ಒಂದು ಒತ್ತಿ ಬಿಟ್ಟರೆ ಅದು ಕೆತ್ತಿದವರ ಚಿತ್ರವಾಗೇ ಉಳಿಯುತ್ತದೆ. ಅದನ್ನೇ ಅರ್ಧ ಪುಟದ ಹೊರಗೆ ಹೋಗುವಂತೆ, ಒಂದರ ಮೇಲೊಂದು, ತಲೆಕೆಳಗಾಗಿ ಒತ್ತಿ, ಮೇಲೆ ನೀವು ಬರೆದರೆ ಅದು ನಿಮ್ಮದಾಗುತ್ತದೆ.

ಪ್ರಶ್ನೆ: ಅಕ್ರಿಲಿಕ್ ಮೇಲೆ ಬರೆಯಲು ಹೋಗಿ ಒಳ್ಳೆಯ ಪೆನ್ನುಗಳು ಹಾಳಾದವು.

ಜೆಸ್ಸೊ ಮತ್ತು ಅಕ್ರಿಲಿಕ್ ಮೇಲ್ಮೈ ಸಣ್ಣ ತುದಿಯ ಪೆನ್ನಿನ ಮೂತಿಯನ್ನು ಸವೆಸುತ್ತದೆ, ಇಂಕ್ ಬರದ ಹಾಗೆ ಕಟ್ಟಿಸುತ್ತದೆ. ಅಲ್ಲಿಗೆ ಅಕ್ರಿಲಿಕ್ ಪೇಂಟ್ ಮಾರ್ಕರ್ ಸರಿ, ಇಲ್ಲವಾದರೆ ಬ್ರಷ್‌ನಲ್ಲಿ ಇಂಡಿಯನ್ ಇಂಕ್. ಸಣ್ಣ ಪೆನ್ನೇ ಬೇಕು ಅಂದರೆ ಬೇರೆ ಕಾಗದದಲ್ಲಿ ಬರೆದು, ಹರಿದು, ಅಂಟಿಸಿ.

ಪ್ರಶ್ನೆ: ನನ್ನ ಪುಸ್ತಕ ಉಬ್ಬಿ ಮುಚ್ಚುತ್ತಲೇ ಇಲ್ಲ. ಮುಂದಿನ ಸಲ ಎಂಥದ್ದು ತಗೊಳ್ಳಲಿ?

ನೀರು, ಅಂಟು ಜಾಸ್ತಿ ಬಳಸುವವರಿಗೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ವಾಟರ್ ಕಲರ್ ಕಾಗದ ನೆಮ್ಮದಿ, ಸುಕ್ಕಾಗುವುದು ಕಮ್ಮಿ. ಬರೀ ಸ್ಟ್ಯಾಂಪ್, ಪೆನ್ನು, ಚೂರು ಕೊಲಾಜ್ ಅಂದರೆ 200ರ ಆಸುಪಾಸು ಸಾಕು. ಹೊಲಿಗೆ ಹಾಕಿದ ಪುಸ್ತಕವೇ ಇರಲಿ, ಅಂಟಿನ ಬೆನ್ನಿನದು ಪುಟ ಉದುರಿಸುತ್ತದೆ. ಅಂಟಿಸುವುದಕ್ಕೆ ಜಾಗ ಇರಲಿ ಅಂತ ಶುರು ಮಾಡುವ ಮೊದಲೇ ಎರಡು ಮೂರು ಹಾಳೆಗೊಂದರಂತೆ ಕತ್ತರಿಸಿ ತೆಗೆಯಿರಿ, ಹೊಲಿಗೆಯ ಹತ್ತಿರ ಎರಡು ಬೆರಳಿನಷ್ಟು ಪಟ್ಟಿ ಬಿಡಿ, ಪೂರ್ತಿ ತೆಗೆದರೆ ಜೊತೆಯ ಹಾಳೆ ಸಡಿಲವಾಗುತ್ತದೆ. ಆ ಪಟ್ಟಿಗೇ ಮುಂದೆ ಮಡಿಸುವ ಪುಟವನ್ನೋ ಲಕೋಟೆಯನ್ನೋ ಅಂಟಿಸಿಕೊಳ್ಳಬಹುದು. ಈಗ ಉಬ್ಬಿರುವ ಪುಸ್ತಕಕ್ಕೆ ಅಗಲವಾದ ಎಲಾಸ್ಟಿಕ್ ಹಾಕಿ, ಪುಟಗಳ ನಡುವೆ ಬಟರ್ ಪೇಪರ್ ಇಟ್ಟ ಮೇಲೆ.