ಆಫರ್ ಲೆಟರ್ ಇದೆ, ಜಾಯ್ನಿಂಗ್ ಡೇಟ್ ಇಲ್ಲ. ಕಾಯಬೇಕಾ?

ನೀವು ಕೇಳಿರುವುದು ಇಷ್ಟು: ಬಿಇ ಮುಗಿದಿದೆ, ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದೆ, ಆದರೆ ಮಾರ್ಕೆಟ್ ಸರಿಯಿಲ್ಲ ಅಂತ ಕಂಪನಿಯವರು ಜಾಯ್ನಿಂಗ್ ಮುಂದಕ್ಕೆ ಹಾಕುತ್ತಲೇ ಇದ್ದಾರೆ. ನನ್ನ ಉತ್ತರ: ಸುಮ್ನೆ ಕೂತು ಕಾಯಬೇಡಿ.

ನಾನು 2009ರ ಬ್ಯಾಚ್, ವಿಟಿಯು. 2008ರ ಆಗಸ್ಟ್‌ನಲ್ಲಿ ಏಳನೇ ಸೆಮ್ ಶುರುವಾಗುತ್ತಿದ್ದ ಹಾಗೇ ಆಫರ್ ಬಂತು, ಅಪ್ಪ ಬೀದಿಗೆಲ್ಲ ಪೇಡಾ ಹಂಚಿದರು. ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. ಯಾವುದೋ ಬ್ಯಾಂಕು, ದಾವಣಗೆರೆಯಲ್ಲಿರುವ ನಮಗೇನು ಅಂದುಕೊಂಡೆವು. ಆದರೆ ಬೆಂಗಳೂರಿನ ಐಟಿಗೆ ದೊಡ್ಡ ಗಿರಾಕಿಗಳೇ ಅಮೆರಿಕದ ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳು. ಅವರು ಹೊಸ ಪ್ರಾಜೆಕ್ಟ್ ನಿಲ್ಲಿಸಿದರೆ ಇಲ್ಲಿ ಮೊದಲು ಮುಚ್ಚುವುದು ಫ್ರೆಶರ್‌ಗಳ ಬಾಗಿಲು. ಒಳಗಿರುವವರನ್ನು ತೆಗೆದರೆ ಪೇಪರಿನಲ್ಲಿ ಬರುತ್ತದೆ, ನಮ್ಮನ್ನು ಕರೆಯದೇ ಇದ್ದರೆ ಅದು ಸುದ್ದಿಯೇ ಅಲ್ಲ, ಅಲ್ವಾ?

ಜುಲೈ ಹೋಗಿ ಅಕ್ಟೋಬರ್ ಆಯಿತು, ಅದೂ ಹೋಗಿ ಜನವರಿ ಆಯಿತು. ಮನೆಯಲ್ಲೇ ಇದ್ದೆ. ಯಾರಾದರೂ ಕೇಳಿದರೆ ಅಮ್ಮ "ಮಗನಿಗೆ ಕೆಲಸ ಆಗಿದೆ" ಅನ್ನುತ್ತಿದ್ದರು, ಸಂಬಳ ಮಾತ್ರ ಇಲ್ಲ.

ನಿಜವಾದ ಪೆಟ್ಟು ಬಿದ್ದದ್ದು 2010ರಲ್ಲಿ, ಮಾರ್ಕೆಟ್ ಸರಿಹೋದ ಮೇಲೆ. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ವಾಕ್-ಇನ್‌ಗೆ ಕ್ಯೂ ನಿಂತರೆ ಗೇಟಿನಲ್ಲೇ "2010 ಬ್ಯಾಚ್ ಮಾತ್ರ" ಅಂದರು. ಅದೇ ಸಿಲಬಸ್, ಅದೇ ಫಸ್ಟ್ ಕ್ಲಾಸ್, ಆದರೆ ಪಾಸಾದ ವರ್ಷ ಹಳೆಯದು! ಜಪಾನಿನಲ್ಲಿ ತೊಂಬತ್ತರ ದಶಕದಲ್ಲಿ ಹೀಗೇ ಆಯಿತು. ಅಲ್ಲಿ ದೊಡ್ಡ ಕಂಪನಿಗಳು ಕಾಲೇಜಿನಿಂದ ನೇರ ಬರುವವರನ್ನೇ ಆರಿಸುತ್ತವೆ, ಹಾಗಾಗಿ ಆ ವರ್ಷ ತಪ್ಪಿಸಿಕೊಂಡ ಎಷ್ಟೋ ಜನ ತಾತ್ಕಾಲಿಕ ಕೆಲಸಗಳಲ್ಲೇ ಉಳಿದುಬಿಟ್ಟರು. ಆ ಕಾಲವನ್ನು ಅವರು ಉದ್ಯೋಗದ ಹಿಮಯುಗ ಅಂತಲೇ ಕರೆಯುತ್ತಾರೆ.

ಕೊನೆಗೆ ರಾಜಾಜಿನಗರದ ಒಂದು ಚಿಕ್ಕ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ, ತಿಂಗಳಿಗೆ 8,000. ಪಿಜಿ ಬಾಡಿಗೆ ಕಳೆದರೆ ಉಳಿಯುತ್ತಿದ್ದದ್ದು ಊಟ, ಬಸ್ ಪಾಸಿಗೆ ಸರಿ. 2012ರಲ್ಲಿ ಕಂಪನಿ ಬದಲಾಯಿಸಿದಾಗ ಸಂಬಳ ಮೂರು ಪಟ್ಟಾಯಿತು, ಯಾವ ವರ್ಷ ಪಾಸಾದೆ ಅಂತ ಒಬ್ಬರೂ ಕೇಳಲಿಲ್ಲ. ಇದು ನನ್ನೊಬ್ಬನ ಅದೃಷ್ಟವೇನಲ್ಲ. ಕೆನಡಾದ ಪದವೀಧರರ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಅಧ್ಯಯನದ ಪ್ರಕಾರ, ಕೆಟ್ಟ ಕಾಲದಲ್ಲಿ ಓದು ಮುಗಿಸಿದವರ ಸಂಪಾದನೆ ಶುರುವಿನಲ್ಲಿ ಸುಮಾರು ಶೇ. 9ರಷ್ಟು ಕಡಿಮೆ ಇರುತ್ತದೆ, ಅದು ತುಂಬಿಬರಲು ಹತ್ತು ವರ್ಷದ ಹತ್ತಿರ ಬೇಕು. ತುಂಬಿಕೊಂಡವರಲ್ಲಿ ಜಾಸ್ತಿ ಜನ ಚಿಕ್ಕ ಕಡೆಯಿಂದ ಒಳ್ಳೆಯ ಕಡೆಗೆ ಹಾರಿದವರು.

ಹಾಗಾಗಿ ಆಫರ್ ಲೆಟರ್ ಇಟ್ಟುಕೊಂಡಿರಿ, ಕರೆದರೆ ಆಗ ನೋಡೋಣ. ಅಷ್ಟರಲ್ಲಿ ನಿಮ್ಮ ಲೈನಿಗೆ ಹತ್ತಿರದ ಯಾವ ಕೆಲಸ ಸಿಕ್ಕರೂ ಸೇರಿ. ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರು ಸಿಗುತ್ತಾರೆ, ಆ ಕಡೆ ತಲೆ ಹಾಕಬೇಡಿ, ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದರೆ ಇರುವ ಕೆಲಸವೂ ಹೋಗುತ್ತದೆ. ಚಿಕ್ಕ ಕಂಪನಿಗಳು ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅಂತ ಬಾಂಡ್ ಬರೆಸಿಕೊಳ್ಳುವುದುಂಟು, ಓದಿ ಸಹಿ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ. ನಾನು ಕೊಟ್ಟಿದ್ದೆ, ವಾಪಸ್ ತೆಗೆದುಕೊಳ್ಳಲು ನಾಲ್ಕು ತಿಂಗಳು ಅಲೆದೆ.